ರೋಡಾಳ ಪಿಂಚಣಿ ಮತ್ತು ಎಲ್ಲ ಬಲ್ಲ ಏಡ್ರಿಯನ್

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ?

ಮೊದಲ ಕರಡು ಫೋನ್ ರಿಂಗಾಗುವುದರಿಂದ ಶುರುವಾಗಿತ್ತು. ಹರಿದು ಹಾಕಿದೆ. ಮೋಸದ ಫೋನಿನ ಕತೆ ಫೋನಿನಿಂದಲೇ ಶುರುವಾದರೆ, ಓದುತ್ತಿರುವ ನೀವು "ಅಯ್ಯೋ, ಎತ್ತಬೇಡ್ವೇ" ಎಂದು ಮೊದಲ ಸಾಲಿನಲ್ಲೇ ನನ್ನ ಕಥಾನಾಯಕಿ ಗೇನರ್‌ಗಿಂತ ಬುದ್ಧಿವಂತರಾಗಿಬಿಡುತ್ತೀರಿ. ಅಷ್ಟು ಸುಲಭಕ್ಕೆ ಬುದ್ಧಿವಂತರಾಗಲು ನಿಮ್ಮನ್ನು ನಾನು ಬಿಡುವುದಿಲ್ಲ.

ಎರಡನೆಯ ಕರಡು ಕಳ್ಳತನದಿಂದ ಶುರುವಾಗಿತ್ತು. ಯಾವುದೋ ಪಿಂಚಣಿ ಕಚೇರಿಯ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿ, ಸಾವಿರಾರು ಸದಸ್ಯರ ವಿವರಗಳನ್ನು ದೋಚುವುದು. ಆದರೆ ಕನ್ನ ಹಾಕಿದವನ ಮುಖ ನನಗೆ ಕಾಣಲೊಲ್ಲದು. ಮುಖವಿಲ್ಲದವನನ್ನು ವರ್ಣಿಸಲು ಹೋಗಿ, ಕತ್ತಲ ಕೋಣೆಯಲ್ಲಿ ತಲೆ ಮುಚ್ಚುವ ಜಾಕೆಟ್ ತೊಟ್ಟು ಕೀಬೋರ್ಡ್ ಕುಟ್ಟುವವನೊಬ್ಬನನ್ನು ತಂದು ಕೂರಿಸಿದೆ. ಓದಿಕೊಂಡಾಗ ನಾಚಿಕೆಯಾಯಿತು. ಅದೂ ಹೋಯಿತು.

ಸರಿ. ಇಬ್ಬರು ಹೆಂಗಸರಿಂದ ಶುರು ಮಾಡುತ್ತೇನೆ.

೨

ಗೇನರ್ ಟ್ಯಾಟ್‌ಲೋ ಮತ್ತು ರೋಡಾ ————. ಇಬ್ಬರೂ ಇಂಗ್ಲೆಂಡಿನ ಸ್ಟೋಕ್ ಊರಿನ ಲಾಂಗ್ಟನ್‌ನವರು. ಅಲ್ಲಿಯ ಪಿಂಗಾಣಿ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತು, ಶಾಲೆ ಬಿಟ್ಟ ವಯಸ್ಸಿನಿಂದ ಕೂದಲು ನರೆಯುವವರೆಗೆ, ತಟ್ಟೆ ಬಟ್ಟಲುಗಳಿಗೆ ಹೂವಿನ ಚಿತ್ರ ಅಂಟಿಸಿದವರು. ತೆಳ್ಳನೆಯ ಆ ಚಿತ್ರಗಳಿಗೆ ಅವರ ಕಸುಬಿನಲ್ಲಿ 'ಟ್ರಾನ್ಸ್‌ಫರ್' ಎಂದೇ ಹೆಸರು. ನೀರಲ್ಲಿ ನೆನೆಸಿ, ತಟ್ಟೆಯ ಮೇಲೆ ಜಾರಿಸಿ, ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಬೇಕು. ಕಾರ್ಖಾನೆ ಮುಚ್ಚಿತು. ಅವರ ಪಿಂಚಣಿ ಮಾತ್ರ ಬೇರೊಂದು ಊರಿನ ಕಚೇರಿಯ ಸುಪರ್ದಿಯಲ್ಲಿ, ಅವರಿಗೆ ವಯಸ್ಸಾಗುವುದನ್ನೇ ಕಾಯುತ್ತ ಉಳಿಯಿತು.

(ರೋಡಾಳ ಹೆಸರಿನ ಮುಂದೆ ಗೆರೆ ಯಾಕೆ ಅಂತೀರಾ? ಅಲ್ಲೊಂದು ಮನೆತನದ ಹೆಸರಿತ್ತು. ಈ ಊರಿನ ಹಳೆಯ, ಚಂದದ ಹೆಸರು. ಬರೆದು ಬೀಗುತ್ತಿದ್ದಾಗ ರೋಡಾ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಏಯ್, ಅದು ನಮ್ಮಮ್ಮನ ತವರಿನ ಹೆಸರು! ಬ್ಯಾಂಕಿನವರು ಕೇಳೋ ಗುಟ್ಟಿನ ಪ್ರಶ್ನೆಗೆ ನಾನು ಕೊಟ್ಟಿರೋ ಉತ್ತರ ಅದು. ತೆಗಿ ಮೊದಲು."

"ತೆಗೆದೆ."

"ನಿನ್ನ ಕಾಗದದಿಂದ ತೆಗೆದೆ. ಅಷ್ಟರೊಳಗೆ ಓದಿದವರ ತಲೆಯಿಂದ ಹೇಗೆ ತೆಗೀತೀಯಾ?"

ಗೆರೆ ಎಳೆದೆ.)

ರೋಡಾ ಜೋರು ಹೆಂಗಸು. ಕಾರ್ಖಾನೆಯಲ್ಲಿ ಮೇಸ್ತ್ರಿಗೇ ಎದುರು ಮಾತಾಡಿ ಹೀಟರ್ ಹಾಕಿಸಿದವಳು. ಗೇನರ್ ಬಾಗಿಲಿಗೆ ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ಹೋಗಿ, ವಾಪಸ್ ಬಂದು ಜಗ್ಗಿ ನೋಡುವವಳು. ಗಂಡನನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಒಂಟಿಯಾಗಿದ್ದಳು. ಈಗ ಶಾಲೆಯೊಂದರ ಅಡುಗೆಮನೆಯಲ್ಲಿ ಅರ್ಧ ದಿನ ಕೆಲಸ. ಇಬ್ಬರಲ್ಲಿ ಮೋಸ ಹೋಗುವವಳು ಯಾರು ಎಂದು ಪಂದ್ಯ ಕಟ್ಟಿದರೆ ನೀವು ಗೇನರ್ ಮೇಲೆ ಕಟ್ಟುತ್ತೀರಿ. ನಾನೂ ಕಟ್ಟಿದ್ದೆ.

೩

ಪಿಂಚಣಿ ಕಚೇರಿಯಿಂದ ಎಲ್ಲ ಸದಸ್ಯರಿಗೂ ಒಂದು ಪತ್ರ ಬಂತು. ನಮ್ಮ ಕಂಪ್ಯೂಟರುಗಳಿಗೆ ಹೊರಗಿನವರು ನುಗ್ಗಿದ್ದಾರೆ, ನಿಮ್ಮ ಹೆಸರು, ವಿಳಾಸ, ಹುಟ್ಟಿದ ದಿನ, ಇನ್ಶೂರೆನ್ಸ್ ನಂಬರು, ಬ್ಯಾಂಕ್ ಖಾತೆಯ ವಿವರ ಅವರ ಕೈ ಸೇರಿರಬಹುದು, ಗಾಬರಿಯಾಗಬೇಡಿ.

ರೋಡಾ ಅದನ್ನು ಪಿಜ್ಜಾ ಅಂಗಡಿಯ ಜಾಹೀರಾತಿನ ಜೊತೆ ಕಸದ ಬುಟ್ಟಿಗೆ ಹಾಕಿದಳು. ಗೇನರ್ ಗಾಬರಿಯಾದಳು. ಬ್ಯಾಂಕಿಗೆ ಹೋಗಿ ಕಾರ್ಡ್ ಬದಲಾಯಿಸಿಕೊಂಡಳು. ಕೌಂಟರಿನಲ್ಲಿದ್ದವಳನ್ನು ಕೇಳಿಯೂ ಕೇಳಿದಳು: "ಕಾರ್ಡ್ ಏನೋ ಬೇರೆ ಕೊಟ್ರಿ. ಹುಟ್ಟಿದ ದಿನ ಬೇರೆ ಎಲ್ಲಿ ಸಿಗುತ್ತೆ?"

ಅದಾದ ಕೆಲವು ದಿನಗಳಿಗೆ, ಶನಿವಾರ ಬೆಳಿಗ್ಗೆ, ಗೇನರ್ ಓಟ್ಸ್ ದೋಸೆಗೆ ಚೀಸ್ ತುಂಬಿ ಬಿಸಿ ಮಾಡುತ್ತಿದ್ದಾಗ (ಹೌದು, ಕೊನೆಗೂ) ಫೋನ್ ರಿಂಗಾಯಿತು. ಪರದೆಯ ಮೇಲೆ ಇದ್ದದ್ದು ಪಿಂಚಣಿ ಕಚೇರಿಯದೇ ನಂಬರು. ಪತ್ರದ ಜೊತೆ ಹಿಡಿದು ನೋಡಿಯೇ ಎತ್ತಿದಳು.

"ಮಿಸೆಸ್ ಟ್ಯಾಟ್‌ಲೋ? ನಾನು ಏಡ್ರಿಯನ್ ಅಂತ, ಸದಸ್ಯರ ರಕ್ಷಣಾ ವಿಭಾಗದಿಂದ. ಮೊದಲೇ ಹೇಳಿಬಿಡ್ತೀನಿ, ನಾನು ನಿಮ್ಮ ಪಿನ್ನು, ಪಾಸ್‌ವರ್ಡು ಯಾವುದನ್ನೂ ಕೇಳಲ್ಲ. ಯಾರು ಕೇಳಿದ್ರೂ ಕೊಡಬೇಡಿ. ತುಂಬಾ ಮೋಸ ನಡೀತಿದೆ ಡಕ್."

(ಈ ಊರಲ್ಲಿ ಬಸ್ ಡ್ರೈವರಿನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ಎಲ್ಲರನ್ನೂ ಅಕ್ಕರೆಯಿಂದ 'ಡಕ್' ಎನ್ನುತ್ತಾರೆ. ಇದನ್ನು 'ಬಾತುಕೋಳಿ' ಎಂದು ಅನುವಾದಿಸಿ ನೋಡಿದೆ. ಹೆದರಿಸಬೇಕಾದ ಜಾಗದಲ್ಲಿ ನನಗೇ ನಗು ಬಂತು. ಇದ್ದಂತೆಯೇ ಇರಲಿ.)

ಆ ಡಕ್ ಎಂಬ ಮಾತಿನಿಂದಲೇ ಗೇನರ್‌ಗೆ ಅರ್ಧ ಜೀವ ಬಂತು. ಇವನು ನಮ್ಮವನು. ಉಳಿದ ಅರ್ಧವನ್ನು ಅವನೇ ತುಂಬಿದ. ಅವಳನ್ನು ಏನೂ ಕೇಳಲಿಲ್ಲ, ಎಲ್ಲವನ್ನೂ ತಾನೇ ಹೇಳಿದ. ಅವಳು ಹುಟ್ಟಿದ ದಿನ, ಕೆಲಸಕ್ಕೆ ಸೇರಿದ ವರ್ಷ, ಮದುವೆ ಮುರಿಯುವ ಮುಂಚೆ ಇದ್ದ ಹೆಸರು. ಅವಳು "ಹೌದು, ಹೌದು" ಎನ್ನುತ್ತ ಹೋದಳು.

"ನೋಡಿ, ಇಷ್ಟೂ ಈಗ ಕಳ್ಳರ ಹತ್ರ ಇದೆ. ನಿಮ್ಮ ಪೆನ್ಷನ್ನು ಬಾಗಿಲು ತೆಗೆದಿಟ್ಟ ಮನೆ ಥರಾ ಆಗಿದೆ. ಅವರು ನುಗ್ಗೋ ಮುಂಚೆ ಭದ್ರವಾದ ಖಾತೆಗೆ ಸಾಗಿಸಿಬಿಡೋಣ. ಬರೀ ಒಂದು ಟ್ರಾನ್ಸ್‌ಫರ್ ಅಷ್ಟೇ. ಬದುಕಿಡೀ ಅದನ್ನೇ ಮಾಡಿದವರಿಗೆ ನಾನು ಹೇಳಿಕೊಡಬೇಕಾ?"

ಗೇನರ್ ನಕ್ಕಳು. ಕೆಲಸದ ಬೆಂಚಿನ ತಮಾಷೆ ಅದು. ಅವಳ ಕೈ ಇನ್ನೇನು ಪೆನ್ನಿಗೆ ಹೋಗುವುದರಲ್ಲಿತ್ತು.

"ಆದ್ರೆ ಯಾರಿಗೂ ಹೇಳಬೇಡಿ. ಆಫೀಸಿನ ಒಳಗಿನವರೇ ಇದರಲ್ಲಿದಾರೆ."

ಈ ಮಾತು ಅವನು ಹೇಳಬಾರದಿತ್ತು. ಯಾರಿಗೂ ಹೇಳಬೇಡ ಎಂದರೆ ಗೇನರ್‌ಗೆ ಉಸಿರು ಕಟ್ಟುತ್ತದೆ. ಯೋಚಿಸಿ ಹೇಳುತ್ತೇನೆಂದು ಅವನ 'ನೇರ ನಂಬರು' ಬರೆದುಕೊಂಡು, ಕೋಟು ತಗುಲಿಸಿಕೊಂಡು, ಹಿಂದಿನ ಬೀದಿಯ ರೋಡಾಳ ಮನೆಗೆ ಓಡಿದಳು.

೪

"ಯಾವನೇ ಅವನು? ಕೊಡು ಇಲ್ಲಿ ನಂಬರು. ಇನ್ನೊಂದು ಸಲ ಫೋನು ಮುಟ್ಟೋಕೆ ಅವನ ಕೈ ನಡುಗಬೇಕು, ಹಾಗೆ ಉಗೀತೀನಿ!"

ರೋಡಾಳ ಮಂಡಿಗೆ ಆಪರೇಷನ್ ಆಗಿತ್ತು. ಕಾಲು ಸ್ಟೂಲಿನ ಮೇಲಿಟ್ಟುಕೊಂಡೇ ಫೋನ್ ಹಚ್ಚಿದಳು. ಬೈದಳು. ಗೇನರ್ ಕಿವಿ ಮುಚ್ಚಿಕೊಳ್ಳುವಷ್ಟು ಬೈದಳು. ಆ ಕಡೆಯವನು ಎಲ್ಲವನ್ನೂ ಕೇಳಿಸಿಕೊಂಡು ಏನೋ ಅಂದ. ರೋಡಾಳ ಹುಬ್ಬು ಕೆಳಗಿಳಿಯಿತು. ಇನ್ನೂ ಏನೋ ಅಂದ. "ಅದು ಸರಿ ಅನ್ನಿ" ಎಂದಳು. ಚಹಾ ತಣ್ಣಗಾಗುವ ಹೊತ್ತಿಗೆ ರೋಡಾ ನಗುತ್ತಿದ್ದಳು.

ಫೋನಿಟ್ಟು, "ಅಸಲಿ ಮನುಷ್ಯ ಕಣೇ" ಎಂದಳು. "ಏನಂದ ಗೊತ್ತಾ? ನೀವು ಅನುಮಾನಪಟ್ಟಿದ್ದೇ ಸರಿ, ಎಲ್ಲರೂ ನಿಮ್ಮ ಥರಾ ಇದ್ದಿದ್ರೆ ನನ್ನ ಕೆಲಸವೇ ಇರ್ತಿರ್ಲಿಲ್ಲ ಅಂದ."

"ಮತ್ತೆ ಯಾರಿಗೂ ಹೇಳಬೇಡಿ ಅಂದಿದ್ದು?"

"ನಿನ್ನಂಥ ಪುಕ್ಕಲಿಗೆ ಹೇಳಿದ್ರೆ ಊರೆಲ್ಲ ಡಂಗುರ ಅಂತ ಗೊತ್ತಾಗಿರುತ್ತೆ!"

ಅವತ್ತಿನಿಂದ ಏಡ್ರಿಯನ್ ರೋಡಾಗೆ ದಿನಾ ಫೋನ್ ಮಾಡತೊಡಗಿದ. ಮೊದಲು ಮಂಡಿಯ ವಿಚಾರ. ಆಮೇಲೆ ಹವಾಮಾನ, ತೀರಿಹೋದ ಗಂಡ ಕ್ಲೈವ್‌ನ ವಿಚಾರ, ಕಾರ್ಖಾನೆಯ ಹಳೆಯ ಕತೆಗಳು. ಕೊನೆಯಲ್ಲಿ ಒಂದಿಷ್ಟು ಪಿಂಚಣಿ. "ನನ್ನ ಮಂಡಿ ಕತೆ ಪೂರ್ತಿ ಕೇಳಿಸಿಕೊಂಡವನು ಅವನೊಬ್ಬನೇ" ಎಂದು ರೋಡಾ ಗೇನರ್‌ಗೆ ಹೇಳಿದಳು. ಗೇನರ್‌ಗೆ ಚುಚ್ಚಿತು. ತಾನು ಅರ್ಧಕ್ಕೇ ಎದ್ದು ಬಂದದ್ದು ನೆನಪಾಯಿತು.

೬

(ಐದನೆಯ ಭಾಗವನ್ನು ಕಿತ್ತು ಹಾಕಿದ್ದೇನೆ. ಪಿಂಚಣಿ ಮೋಸದಿಂದ ಪಾರಾಗುವುದು ಹೇಗೆ ಎಂದು ಅದರಲ್ಲಿ ನೀತಿಪಾಠ ಹೇಳಿದ್ದೆ. ಗೇನರ್ ಓದಿ, "ಇದೆಲ್ಲ ಏಡ್ರಿಯನ್ನೂ ಹೇಳಿದ್ದ, ನಿನಗಿಂತ ಚೆನ್ನಾಗಿ ಹೇಳಿದ್ದ" ಅಂದಳು.)

ರೋಡಾ ಪಿಂಚಣಿ ಸಾಗಿಸಲು ಅರ್ಜಿ ಹಾಕಿದಳು. ಅದು ನಿಜವಾದ ಕಚೇರಿಗೆ ಹೋಗಲೇಬೇಕಲ್ಲ, ಹೋಯಿತು. ಅಲ್ಲಿ ಶಬ್ನಮ್ ಎಂಬುವಳ ಮೇಜಿಗೆ ಬಂತು. ಇಂಥ ಅರ್ಜಿಗಳನ್ನು ಜಾಲಾಡುವುದೇ ಅವಳ ಕೆಲಸ. ದುಡ್ಡು ಹೋಗಬೇಕಾದ ಕಂಪನಿಯ ಹೆಸರನ್ನು ಅವಳು ಎಲ್ಲೂ ಕೇಳಿರಲಿಲ್ಲ. ರೋಡಾಗೆ ಫೋನ್ ಮಾಡಿದಳು.

ಆದರೆ ಏಡ್ರಿಯನ್ ಮೊದಲೇ ಪಾಠ ಹೇಳಿಕೊಟ್ಟಿದ್ದ. ಒಬ್ಬಳು ಫೋನ್ ಮಾಡಿ ಪ್ರಶ್ನೆ ಕೇಳ್ತಾಳೆ. ತುಂಬ ಮೆತ್ತಗೆ ಮಾತಾಡ್ತಾಳೆ. ಒಳಗಿನ ಕಳ್ಳರು ಅಂದೆನಲ್ಲ, ಅವರ ಕಡೆಯವಳೇ.

"ನಿಮಗೆ ಯಾರಾದ್ರೂ ತಾವಾಗೇ ಫೋನ್ ಮಾಡಿ ಇದನ್ನ ಮಾಡಿ ಅಂದ್ರಾ?"

"ಇಲ್ಲಪ್ಪ. ನಾನೇ ಹುಡುಕಿಕೊಂಡಿದ್ದು."

"ಬೇಗ ಮಾಡಿ ಅಂತ ಅವಸರ ಪಡಿಸ್ತಿದಾರಾ?"

"ಅವಸರ ಮಾಡ್ತಿರೋದು ನೀನು ಡಕ್. ನನ್ನ ದುಡ್ಡು, ನನ್ನಿಷ್ಟ."

ಶಬ್ನಮ್‌ಗೆ ನಂಬಿಕೆ ಬರಲಿಲ್ಲ. ಆದರೆ ನಂಬಿಕೆ ಬರಲಿಲ್ಲ ಎಂಬ ಕಾರಣಕ್ಕೇ ಅರ್ಜಿ ತಳ್ಳಿಹಾಕಲು ಬರುವುದಿಲ್ಲ. ಅವಳ ಕೈಲಾಗುವಂತಿದ್ದದ್ದು ಒಂದೇ. ಸರ್ಕಾರದ ಉಚಿತ ಸಲಹೆಗಾರರ ಜೊತೆ ಒಂದು ಸಲ ಮಾತಾಡಿದ ಮೇಲೆಯೇ ದುಡ್ಡು ಕಳಿಸುತ್ತೇವೆಂದು ಬಿಗಿಯಾಗಿ ಹೇಳಿದಳು. ಮುಂದಿನ ವಾರಕ್ಕೆ ದಿನ ಗೊತ್ತಾಯಿತು. ಸಲಹೆಗಾರರ ಮುಂದೆ ಏನು ಹೇಳಬೇಕೆಂದೂ ಏಡ್ರಿಯನ್ ರೋಡಾಗೆ ಹೇಳಿಕೊಡತೊಡಗಿದ.

೭

ಇತ್ತ ಗೇನರ್ ಶಾಲೆಯಿಂದ ಬಂದು, ಬಟ್ಟೆ ಒಣಗಲು ಹಾಕುತ್ತಿದ್ದಳು. ಬೆಳ್ಳನೆಯ ಬಿಸಿಲು. ಫೋನ್ ಬಂತು.

"ಗೇನರ್ ಡಕ್, ನೀವು ಇನ್ನೂ ಏನೂ ಹೇಳಲೇ ಇಲ್ವಲ್ಲ."

"ನನಗೆ... ಸದ್ಯಕ್ಕೆ ಬೇಡ ಅನ್ಸುತ್ತೆ."

"ಪರವಾಗಿಲ್ಲ, ಬಲವಂತ ಇಲ್ಲ." ಆಮೇಲೆ, ತೀರ ಅಕ್ಕರೆಯಿಂದ, "ಹಿತ್ತಿಲ ಗೇಟಿನ ಚಿಲಕ ಸರಿ ಮಾಡಿಸಿಕೊಂಡ್ರಾ? ಒಂಟಿ ಹೆಂಗಸು ನೀವು, ನನಗೆ ಅದೇ ಯೋಚನೆ."

ಗೇನರ್ ನಿಂತಲ್ಲೇ ಗೇಟಿನ ಕಡೆ ನೋಡಿದಳು. ಚಿಲಕ ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ಒದ್ದೆ ದಿಂಬಿನ ಚೀಲ ಕೈಯಿಂದ ಜಾರಿ ಬಿತ್ತು. ಮನೆಯೊಳಗೆ ಓಡಿ, ಕರ್ಟನ್ ಎಳೆದು, ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಅದರ ಮೇಲೆ ತಾನೇ ಕೂತಳು. ಚಿಲಕದ ವಿಷಯ ಕಚೇರಿಯ ಯಾವ ಕಂಪ್ಯೂಟರಿನಲ್ಲೂ ಇರಲಾರದು. ಹಾಗಾದರೆ ಅವನು ಇಲ್ಲಿಗೆ ಬಂದಿದ್ದನೇ? ಈಗಲೂ ಬೇಲಿಯಾಚೆ ನಿಂತಿದ್ದಾನೆಯೇ?

ಈ ಹೊತ್ತಿನಲ್ಲಿ ಅವಳು ನನ್ನ ಕಡೆ ತಿರುಗಿದಳು. ನಾನದನ್ನು ನಿರೀಕ್ಷಿಸಿರಲಿಲ್ಲ.

"ಚಿಲಕದ ವಿಷಯ ಅವನಿಗೆ ಹೇಳಿದ್ದು ನೀನಾ?"

"ನಾನ್ಯಾಕೆ ಹೇಳಲಿ?"

"ನನ್ನ ಬಗ್ಗೆ ಎಲ್ಲಾ ಗೊತ್ತಿರೋರು ಇಬ್ಬರೇ. ಅವನು, ನೀನು. ನಿನಗೂ ನಾನು ಏನೂ ಹೇಳಿರಲಿಲ್ಲ. ನೀನೂ ನಿನ್ನಷ್ಟಕ್ಕೇ ಬಂದು ಶುರು ಮಾಡ್ಕೊಂಡವನೇ."

"ನಾನು ನಿನ್ನ ಒಳ್ಳೇದಕ್ಕೇ..." ಎಂದು ಬರೆದು, ಕೈ ತಡೆದೆ. ಅದು ಏಡ್ರಿಯನ್ ಮಾತಾಡುವ ಧಾಟಿ.

ಉತ್ತರ ಅವಳಿಗೇ ಹೊಳೆಯಿತು. ಚಿಲಕದ ವಿಷಯ ಗೊತ್ತಿದ್ದ ಮೂರನೆಯವಳೊಬ್ಬಳು ಇದ್ದಾಳೆ.

೮

"ಹೇಳಿದೆ. ಏನೀಗ?" ರೋಡಾ ಸ್ಟೂಲಿನಿಂದ ಕಾಲಿಳಿಸಿದಳು. "ಮಾತಿಗೆ ಮಾತು ಬಂತು. ನನ್ನ ಗೆಳತಿ ಒಬ್ಬಳೇ ಇರ್ತಾಳೆ, ನೆರಳು ಕಂಡ್ರೂ ಹೆದರ್ತಾಳೆ ಅಂದೆ. ಅವನು ಪಾಪ ಅಂದ."

"ಇನ್ನೇನು ಹೇಳಿದೀಯಾ ರೋಡಾ?"

"ಏನೋ, ನೆನಪಿಟ್ಟುಕೊಂಡಿದೀನಾ? ನಾವು ರಿಲ್ ಬೀಚಿಗೆ ಹೋಗಿದ್ದು, ನಿನ್ನ ಗಂಡ ಕುಡಿದು ಕಾರ್ಖಾನೆ ಗೇಟಿಗೆ ಬಂದಿದ್ದು, ನೀನು ಮೊದಲನೇ ದಿನ ಗುಲಾಬಿ ತಲೆಕೆಳಗಾಗಿ ಅಂಟಿಸಿ ಅತ್ತಿದ್ದು... ನಗೋ ಅಂಥ ವಿಷಯ."

"ಅವನು ಕಳ್ಳ ಕಣೇ."

"ನಿನಗೆ ಹೊಟ್ಟೆಕಿಚ್ಚು ಕಣೇ! ನನ್ನ ಹತ್ರ ಮಾತಾಡೋರು ಒಬ್ಬರು ಸಿಕ್ಕಿದ್ರಲ್ಲ ಅಂತ. ಬದುಕಿಡೀ ಹೆದರಿ ಸತ್ತೆ, ನನಗೂ ಅದನ್ನೇ ಅಂಟಿಸಬೇಡ. ಹೋಗು, ಬಾಗಿಲು ಹಾಕ್ಕೊಂಡು ಹೋಗು."

ಗೇನರ್ ಬಾಗಿಲು ಹಾಕಿಕೊಂಡು ಹೋದಳು. ಅಭ್ಯಾಸಬಲದಿಂದ, ಜಗ್ಗಿ ನೋಡಿದಳು.

೯

ಮಾರನೆಯ ದಿನ ಅವಳು ಹೆದರುತ್ತ ಹೆದರುತ್ತ ಪಿಂಚಣಿ ಕಚೇರಿಗೆ ತಾನೇ ಫೋನ್ ಮಾಡಿದಳು. ನಂಬರನ್ನು ಕಳ್ಳತನಕ್ಕೂ ಮುಂಚೆ, ಎಂದೋ ಬಂದಿದ್ದ ಹಳೆಯ ಕಾಗದದಿಂದ ಆರಿಸಿದಳು. ನೋಡಿದರೆ ಅದೇ ನಂಬರು. ಏಡ್ರಿಯನ್ ಫೋನ್ ಮಾಡಿದಾಗ ಪರದೆಯ ಮೇಲೆ ಕಂಡದ್ದೂ ಅದೇ. ಶಬ್ನಮ್ ಸಿಕ್ಕಾಗ ಗೇನರ್ ಮೊದಲು ಕೇಳಿದ್ದು ಅದನ್ನೇ.

"ಪರದೆ ಮೇಲೆ ಯಾವ ನಂಬರು ಬೇಕಾದ್ರೂ ತೋರಿಸಬಹುದು ಮಿಸೆಸ್ ಟ್ಯಾಟ್‌ಲೋ. ನಮ್ಮದು, ಬ್ಯಾಂಕಿಂದು, ನಿಮ್ಮ ಅಣ್ಣಂದು. ನೀವಾಗಿ ಮಾಡಿದಾಗ ಮಾತ್ರ ಅದು ನಿಜವಾಗಿ ನಮಗೆ ಬರುತ್ತೆ."

"ಹಾಗಾದ್ರೆ ಕೇಳಿ. ನನ್ನ ಗೆಳತಿ ರೋಡಾ, ಅವಳೂ ನಿಮ್ಮ ಸದಸ್ಯೆ, ಅವಳ ದುಡ್ಡು..."

"ಕ್ಷಮಿಸಿ. ಬೇರೆ ಸದಸ್ಯರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ. ಆ ಹೆಸರಿನವರು ಇದಾರೋ ಇಲ್ವೋ ಅಂತಲೂ ಹೇಳೋ ಹಾಗಿಲ್ಲ."

ಗೇನರ್ ಬದುಕಿನಲ್ಲಿ ಎಂದೂ ಯಾರ ಮೇಲೂ ಕಿರುಚಿರಲಿಲ್ಲ. ಈಗ ಕಿರುಚಿದಳು. "ಕಳ್ಳನಿಗೆ ನಮ್ಮ ಮನೆ ಚಿಲಕದ ಮೊಳೆ ಎಷ್ಟು ಅಂತಲೂ ಗೊತ್ತು! ಕಾಯಬೇಕಾದ ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಾ?"

ಆ ಕಡೆ ಕುರ್ಚಿ ಎಳೆದುಕೊಂಡ ಶಬ್ದ ಕೇಳಿಸಿತು.

"ನಾನು ಹೇಳೋ ಹಾಗಿಲ್ಲ" ಎಂದಳು ಶಬ್ನಮ್ ನಿಧಾನವಾಗಿ. "ಆದ್ರೆ ನೀವು ಹೇಳಬಾರದು ಅಂತ ಎಲ್ಲೂ ಬರೆದಿಲ್ಲ. ಕೇಳಿಸಿಕೊಳ್ಳೋದು ನನ್ನ ಕೆಲಸ. ಪೆನ್ನು ಹಿಡಿದಿದೀನಿ. ಮೊದಲಿಂದ ಹೇಳಿ."

ಗೇನರ್ ಹೇಳಿದಳು. ಹೇಳುವಾಗ ಅವಳಿಗೆ ಎರಡು ಭಯ. ಇವಳೂ ಏಡ್ರಿಯನ್ ಕಡೆಯವಳಾಗಿದ್ದರೆ ಎಂಬುದು ಒಂದು. ಇವಳು ನಿಜವಾದ ಶಬ್ನಮ್ಮೇ ಆಗಿದ್ದರೆ, ರೋಡಾ ಇನ್ನು ತನ್ನ ಮುಖ ನೋಡಲಾರಳು ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು. ಆದರೂ ಹೇಳಿದಳು.

೧೦

ಕಚೇರಿ ರೋಡಾಳ ಅರ್ಜಿಯನ್ನು ತಿರಸ್ಕರಿಸಿತು, ಪೊಲೀಸರಿಗೂ ತಿಳಿಸಿತು. ಪಿಂಚಣಿ ಇದ್ದಲ್ಲೇ ಉಳಿಯಿತು. ಅವತ್ತಿನಿಂದ ಏಡ್ರಿಯನ್ ರೋಡಾಗೆ ಫೋನ್ ಮಾಡಲಿಲ್ಲ. ಅವಳೇ ಮಾಡಿದರೆ, ಈ ನಂಬರು ಬಳಕೆಯಲ್ಲಿಲ್ಲ ಎಂದಿತು ಯಂತ್ರದ ದನಿ. ದಿನಾ ಬೆಳಿಗ್ಗೆ ಅವಳು ಫೋನ್ ಪಕ್ಕದಲ್ಲಿಟ್ಟುಕೊಂಡು ಕೂತಳು. ಆಮೇಲೆ ಬ್ಯಾಂಕಿಗೆ ಹೋದಾಗ ಗೊತ್ತಾಯಿತು: 'ಮುಂಗಡ' ಎಂದು ಅವನು ಕೇಳಿದಾಗ ಕಳಿಸಿದ್ದ, ಕ್ಲೈವ್‌ನ ಗೋರಿಗೆ ಕಲ್ಲು ನಿಲ್ಲಿಸಲು ಕೂಡಿಟ್ಟಿದ್ದ ಹಣ ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯದು. ಅರ್ಜಿಗೆಂದು ಅವಳು ಅವನಿಗೆ ಕಳಿಸಿದ್ದ ಪಾಸ್‌ಪೋರ್ಟಿನ ಫೋಟೋ, ಸಹಿ, ಎಲ್ಲವೂ ಅವನ ಹತ್ತಿರವೇ ಉಳಿದವು.

ರೋಡಾ ಇದನ್ನು ಯಾರಿಗೂ ಹೇಳಲಿಲ್ಲ. (ನನಗೆ ಹೇಗೆ ಗೊತ್ತು ಎಂದು ಮತ್ತೆ ಕೇಳಬೇಡಿ.) ಗೇನರ್ ಎದುರಾದರೆ ರಸ್ತೆ ದಾಟಿ ಆ ಕಡೆ ನಡೆದಳು, ಕುಂಟುತ್ತ.

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಲು ಎರಡು ಸಲ ನೋಡಿದೆ.

ಮೊದಲ ಮುಕ್ತಾಯದಲ್ಲಿ ಏಡ್ರಿಯನ್ ಸಿಕ್ಕಿಬೀಳುತ್ತಾನೆ. ಗೇನರ್ ಓದಿ, "ನೀನು ಅವನ ಮುಖವನ್ನೇ ನೋಡಿಲ್ಲ, ಕೋಳ ಯಾರ ಕೈಗೆ ಹಾಕಿದೆ?" ಅಂದಳು. ಎರಡನೆಯದರಲ್ಲಿ ರೋಡಾ ಗೇನರ್ ಮನೆಗೆ ಬಂದು ಕ್ಷಮೆ ಕೇಳಿ ಅಳುತ್ತಾಳೆ. ರೋಡಾ ಓದಿ, "ನಾನಾ? ಅಳೋದಾ? ಈ ಕಾಗದ ಯಾವುದಕ್ಕೆ ಉಪಯೋಗಿಸ್ತೀನಿ ಅಂತ ಹೇಳಲಾ?" ಅಂದಳು. ಬೇಡ ಅಂದೆ.

ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ.

೧೧

ಭಾನುವಾರ, ಮಧ್ಯಾಹ್ನದ ಊಟವಾಗಿದೆ. ಗೇನರ್ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಾಳೆ. ಫೋನ್ ಬರುತ್ತದೆ. ಪರದೆಯ ಮೇಲೆ 'ರೋಡಾ' ಎಂಬ ಹೆಸರು.

ಅವಳ ಕೈ ಹೋಗುತ್ತದೆ, ನಿಲ್ಲುತ್ತದೆ. ಯಾವ ನಂಬರು ಬೇಕಾದರೂ ತೋರಿಸಬಹುದು. ದನಿಯನ್ನೂ ಈಗ ನಕಲು ಮಾಡುತ್ತಾರಂತೆ ಎಂದು ಶಾಲೆಯ ಅಡುಗೆಮನೆಯಲ್ಲಿ ಯಾರೋ ಅಂದಿದ್ದರು. ರೋಡಾಳ ದನಿಯಂತೂ ಅವನ ಹತ್ತಿರ ಗಂಟೆಗಟ್ಟಲೆ ಇದೆ. ಸರಿ, ಎತ್ತಿ ಏನಾದರೂ ಕೇಳಿ ಪರೀಕ್ಷಿಸೋಣ. ರೋಡಾ ಒಬ್ಬಳಿಗೇ ಗೊತ್ತಿರುವಂಥದ್ದು. ರಿಲ್ ಬೀಚು? ಅದು ಅವನಿಗೆ ಗೊತ್ತು. ತಲೆಕೆಳಗಾದ ಗುಲಾಬಿ? ಅದೂ ಗೊತ್ತು. ಗೇನರ್ ಒಂದೊಂದೇ ನೆನಪು ತೆಗೆದು ನೋಡುತ್ತಾಳೆ. ಇಬ್ಬರ ನಡುವೆ ಇದ್ದದ್ದರಲ್ಲಿ ಅವನ ಕೈ ಸೋಕದ್ದು ಯಾವುದು ಎಂದು ಹೇಳುವ ಹಾಗೇ ಇಲ್ಲ.

ರಿಂಗಾಗುವುದು ನಿಲ್ಲುತ್ತದೆ. ಮತ್ತೆ ಶುರುವಾಗುತ್ತದೆ.

"ಯಾರದು?" ಗೇನರ್ ನನ್ನನ್ನು ಕೇಳುತ್ತಾಳೆ. "ಬರೀತಿರೋನು ನೀನು. ನಿನಗೆ ಗೊತ್ತಿರಲೇಬೇಕು. ಅವಳಾ, ಅವನಾ?"

ಹೇಳಬಹುದಿತ್ತು. ಆದರೆ ಫೋನಿನಲ್ಲಿ ಬಂದ ಒಂದು ದನಿ ಎಲ್ಲ ಗೊತ್ತಿದೆ ಎಂದದ್ದರಿಂದಲೇ ಇಷ್ಟೆಲ್ಲ ಆದದ್ದು. ನಾನು ಹೇಳಿದರೂ ಅವಳು ನಂಬಬಾರದು.

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದಳು. ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ಕೋಟು ಹಾಕಿಕೊಂಡು, ಹಿತ್ತಿಲ ದಾರಿಯಿಂದಲೇ ಹೊರಟಳು, ರೋಡಾಳ ಬೀದಿಯ ಕಡೆಗೆ. ಕಣ್ಣಾರೆ ನೋಡಿ ಬರುತ್ತಾಳೆ. ಬಾಗಿಲು ತಟ್ಟಿದಾಗ ರೋಡಾ ಫೋನ್ ಕಿವಿಗಿಟ್ಟುಕೊಂಡೇ ತೆರೆದಾಳೋ, ಬರಿಗೈಯಲ್ಲಿ ತೆರೆದಾಳೋ, ತೆರೆಯದೆಯೇ ಇದ್ದಾಳೋ, ನನಗೆ ತಿಳಿಯದು. ಜೊತೆಗೆ ಬರಬೇಡ ಎಂದು ಗೇನರ್ ನನಗೆ ಹೇಳಿ ಹೋಗಿದ್ದಾಳೆ.

ಅಡುಗೆಮನೆಯಲ್ಲಿ ಈಗ ನಾನು ಮತ್ತು ನೀವು. ಫೋನ್ ಇನ್ನೂ ಹೊಡೆದುಕೊಳ್ಳುತ್ತಿದೆ, ಮೇಜಿನ ಮೇಲೆ ನಡುಗುತ್ತ, ಇಷ್ಟಿಷ್ಟೇ ನಿಮ್ಮ ಕಡೆಗೆ ಸರಿಯುತ್ತ.

ಪರದೆ ನೋಡಿ. ಈಗ ಅಲ್ಲಿರುವುದು ರೋಡಾಳ ಹೆಸರಲ್ಲ. ನಿಮಗೆ ತೀರ ಬೇಕಾದವರ ಹೆಸರು.

ಇಲ್ಲ, ಆ ಹೆಸರು ಆ ಕಡೆಯವನಿಗೆ ಹೇಗೆ ಗೊತ್ತಾಯಿತೆಂದು ನನ್ನನ್ನು ಕೇಳಬೇಡಿ.